ಮೊದಲ ಮಳೆಗಾಲ ಮುಗಿಯುವವರೆಗೆ

ಪೇಟೆ ಬಿಟ್ಟು ಮಲೆನಾಡಿನ ಹಳ್ಳಿ ಸೇರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಎರಡೋ ಮೂರೋ ಎಕರೆ ತೋಟ ಕೊಂಡು, ಕಾರಿನ ಹಿಂದೆ ಪುಸ್ತಕದ ಪೆಟ್ಟಿಗೆ ಹೇರಿಕೊಂಡು, ‘ಇನ್ನು ಇಲ್ಲೇ’ ಎಂದು ಬರುವವರಿಗಾಗಿ ಈ ಸೂಚನೆ. ಶನಿವಾರ ಬಂದು ಹೋಗುವವರು ಓದಬೇಕಾಗಿಲ್ಲ. ಅವರಿಂದ ಆಗುವ ಹಾನಿ ಭಾನುವಾರ ಸಂಜೆಗೆ ಮುಗಿಯುತ್ತದೆ. ನಾನೂ ಹಾಗೆ ಪೆಟ್ಟಿಗೆ ಹೇರಿಕೊಂಡು ಬಂದವನೇ. ತೇಜಸ್ವಿಯವರನ್ನು ಓದಿ ಬಂದವನೆಂದು ಹೇಳಿಕೊಳ್ಳಲು ಈಗ ಸಂಕೋಚ, ನಾನು ಮಾಡಿದ ಕಿತಾಪತಿಗೆ ಅವರೇನು ಹೊಣೆ? ಅವರು ಮೂಡಿಗೆರೆಯಲ್ಲಿ ಒಂದು ಹಕ್ಕಿಗಾಗಿ ಗಂಟೆಗಟ್ಟಲೆ ಕಾದು ಕೂರುತ್ತಿದ್ದವರು. ನಾನು ಬಂದ ವರ್ಷವೇ ಎರಡಕ್ಕೆ ಕೈ ಹಾಕಿದೆ, ಒಂದು ಗಾಳಿ, ಇನ್ನೊಂದು ಮಂಗ.

ಆದ್ದರಿಂದ ಎಲ್ಲಕ್ಕೂ ಮೊದಲಿನ ನಿಯಮ ಇದು. ಮೊದಲ ಮಳೆಗಾಲ ಮುಗಿಯುವವರೆಗೆ ಯಾವ ಯಂತ್ರವನ್ನೂ ನೆಡಬಾರದು, ಯಾವ ಪ್ರಾಣಿಗೂ ಹೆಸರಿಡಬಾರದು.

ಗಾಳಿಯ ವಿಚಾರ

ಕಂಪನಿಯ ಚೀಟಿ ನೋಡಿ ಗಾಳಿಯಂತ್ರ ಕೊಳ್ಳಬಾರದು. ‘ಒಂದು ಕಿಲೋವ್ಯಾಟ್’ ಎಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಇರುತ್ತದೆ. ಎಷ್ಟು ಗಾಳಿ ಬೀಸಿದರೆ ಎಂಬುದು ಕೊನೆಯ ಪುಟದ ಸಣ್ಣಕ್ಷರದಲ್ಲಿ, ಹೆಚ್ಚಾಗಿ ಸೆಕೆಂಡಿಗೆ 11ರಿಂದ 12 ಮೀಟರ್ ಎಂದು. 12 ಮೀಟರ್ ಅಂದರೆ ಗಂಟೆಗೆ 43 ಕಿಲೋಮೀಟರ್. ದೊಡ್ಡ ಕೊಂಬೆಗಳು ತೊನೆಯುವ, ಬಿಚ್ಚಿದ ಕೊಡೆ ಮಗುಚಿಕೊಳ್ಳುವ ಗಾಳಿ. ನಮ್ಮ ಅಂಗಳದಲ್ಲಿ ವರ್ಷದ ಬಹುಪಾಲು ದಿನ ಬೀಸುವುದು ಎಲೆ, ಎಳೆ ಕಡ್ಡಿ ಅಲ್ಲಾಡಿಸುವಷ್ಟು, ಹೆಚ್ಚೆಂದರೆ ಸೆಕೆಂಡಿಗೆ 4 ಮೀಟರ್. ಗಾಳಿ ಮೂರನೇ ಒಂದು ಪಾಲಾದರೆ ಕರೆಂಟೂ ಮೂರನೇ ಒಂದು ಪಾಲು ಬಂದೀತು ಎಂದು ನಾನು ಲೆಕ್ಕ ಹಾಕಿದ್ದೆ. ಎಂಟನೇ ಕ್ಲಾಸಿನ ಗಣಿತ ಮರೆತವನ ಲೆಕ್ಕ ಅದು. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ವೇಗ ಮೂರನೇ ಒಂದಾದರೆ ಶಕ್ತಿ ಇಪ್ಪತ್ತೇಳನೇ ಒಂದು. ಸಾವಿರ ವ್ಯಾಟಿನ ಯಂತ್ರ ನನ್ನ ಅಂಗಳದಲ್ಲಿ ಕೊಟ್ಟಿದ್ದು 37 ವ್ಯಾಟ್, ಅದೂ ಒಳ್ಳೆಯ ದಿನ. ಸೆಕೆಂಡಿಗೆ 3 ಮೀಟರಿಗಿಂತ ಕೆಳಗೆ ಹೋದರೆ ರೆಕ್ಕೆ ತಿರುಗುತ್ತಿರುತ್ತದೆ ಅಷ್ಟೆ, ಬ್ಯಾಟರಿಗೆ ಏನೂ ಇಳಿಯುವುದಿಲ್ಲ. ತಿರುಗುವುದನ್ನು ನೋಡುವ ಆಸೆಯಾದರೆ ಜಾತ್ರೆಯಲ್ಲಿ ಕಾಗದದ ಗಿರಗಿಟ್ಟಲೆ ಸಿಗುತ್ತದೆ, ಅದನ್ನು ಕೊಳ್ಳಿ.

‘ನಮ್ಮ ರೆಕ್ಕೆ ಗಾಳಿಯ ನೂರಕ್ಕೆ ಎಂಬತ್ತು ಭಾಗ ಹೀರುತ್ತೆ ಸಾರ್’ ಎನ್ನುವವನ ಜೊತೆ ಮಾತು ಮುಂದುವರಿಸಬಾರದು. ಟೀ ಕೊಟ್ಟು ಕಳಿಸಿ. ಯಾವ ರೆಕ್ಕೆಯೂ ಶೇ. 59.3ಕ್ಕಿಂತ ಹೆಚ್ಚು ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲೇ ಲೆಕ್ಕ ಮಾಡಿ ತೋರಿಸಿದ್ದಾರೆ. ಪೂರ್ತಿ ಹೀರಿದರೆ ಗಾಳಿ ರೆಕ್ಕೆಯ ಹಿಂದೆ ನಿಂತೇ ಹೋಗಬೇಕು. ಹಿಂದಿನದು ಜಾಗ ಬಿಡದೆ ಮುಂದಿನದು ಬರುವುದೆಲ್ಲಿಂದ? ಮನೆಬಳಕೆಯ ಸಣ್ಣ ಯಂತ್ರ ಶೇ. 30 ಹಿಡಿದರೆ ಬಹಳವಾಯಿತು.

ಮನೆಯ ಮಾಡಿನ ಮೇಲೆ ಯಂತ್ರ ಕೂರಿಸಬಾರದು. ಹೆಂಚಿಗೆ ಬಡಿದು ಏಳುವ ಗಾಳಿ ಸುತ್ತಿ ಸುಳಿದು ಬರುತ್ತದೆ, ರೆಕ್ಕೆಗೆ ಯಾವ ಕಡೆ ಮುಖ ಮಾಡುವುದೆಂದೇ ಗೊತ್ತಾಗುವುದಿಲ್ಲ. ಜೊತೆಗೆ ಅದರ ಗುಂಯ್‌ಗುಡುವಿಕೆ ತೊಲೆ, ಜಂತಿಗಳಿಗೆ ಇಳಿದು ರಾತ್ರಿಯೆಲ್ಲ ಮನೆಯೇ ಗೊರಕೆ ಹೊಡೆದಂತೆ ಇರುತ್ತದೆ. ಬಲ್ಲವರು ಹೇಳುವ ಅಳತೆ ಒಂದಿದೆ: ಸುತ್ತ 150 ಮೀಟರಿನೊಳಗೆ ಇರುವ ಅತಿ ಎತ್ತರದ ಮರಕ್ಕಿಂತ 30 ಅಡಿ ಮೇಲಿರಬೇಕು ರೆಕ್ಕೆಯ ಕೆಳತುದಿ. ಮಲೆನಾಡಿನ ಮನೆಯೆಂದರೆ ಸುತ್ತ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಅಡಿಕೆ ಮರವೇ 50, 60 ಅಡಿ. ಹಾಗಾದರೆ ಕಂಬ ಎಷ್ಟು ಎತ್ತರ ಬೇಕು, ಅದನ್ನು ಎಳೆದು ಹಿಡಿಯುವ ತಂತಿ ಎಷ್ಟು, ಏಪ್ರಿಲ್‌ನ ಸಿಡಿಲು ಮೊದಲು ಹುಡುಕುವುದು ಯಾರನ್ನು, ಎಲ್ಲವನ್ನೂ ಕಾಗದದ ಮೇಲೆ ಬರೆದು ನೋಡಬೇಕು. ನನ್ನ ಕಂಬ 40 ಅಡಿ. ಅಡಿಕೆ ಮರಗಳು ಮೇಲಿನಿಂದ ಅದನ್ನು ನೋಡುತ್ತವೆ.

ಯಂತ್ರಕ್ಕೆ ಮುಂಚೆ ಗಾಳಿಪಟ ಹಾರಿಸಬೇಕು. ತಮಾಷೆಗೆ ಹೇಳುತ್ತಿಲ್ಲ. ದಾರಕ್ಕೆ ಹತ್ತಡಿಗೊಂದು ಬಟ್ಟೆಯ ಪಟ್ಟಿ ಕಟ್ಟಿ ಬಿಡಿ. ಪಟ್ಟಿ ಎಲ್ಲಿಯವರೆಗೆ ಸಿಕ್ಕಸಿಕ್ಕ ಕಡೆ ಒದ್ದಾಡುತ್ತದೋ ಅಲ್ಲಿಯವರೆಗಿನ ಗಾಳಿ ಕೆಲಸಕ್ಕೆ ಬಾರದ್ದು. ಎಲ್ಲಿ ನೆಟ್ಟಗೆ ಒಂದೇ ಕಡೆ ಚಾಚಿ ನಿಲ್ಲುತ್ತದೋ ಅಲ್ಲಿಂದ ಮೇಲಿನದು ಕೆಲಸದ ಗಾಳಿ. ಆಮೇಲೆ ಒಂದು ಗಾಳಿಮಾಪಕ ತಂದು ಒಂದು ವರ್ಷ ಬರೆದಿಡಿ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ನಕ್ಷೆಯಲ್ಲಿ ನಮ್ಮ ಜಿಲ್ಲೆಯ ಬಣ್ಣ ನೋಡಿ ಹಿಗ್ಗಬಾರದು. ಆ ಬಣ್ಣ ನೆಲದಿಂದ 100, 120, 150 ಮೀಟರ್ ಮೇಲಿನ ಗಾಳಿಯದ್ದು. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ, ಗದಗದ ಕಪ್ಪತಗುಡ್ಡದಲ್ಲಿ ತಿರುಗುತ್ತವಲ್ಲ ಎನ್ನಬಾರದು. ಅದು ಬಯಲುಸೀಮೆಯ ನಡುವೆ ಎದ್ದು ನಿಂತ ಬೋಳುಗುಡ್ಡದ ನೆತ್ತಿ. ನಮ್ಮದು ನಾಲ್ಕು ಗುಡ್ಡಗಳ ನಡುವಿನ ಕೊರಕಲು.

ಬ್ಯಾಟರಿಗೆ ಸೇರಿಸದೆ ರೆಕ್ಕೆ ತಿರುಗಲು ಬಿಡಬಾರದು. ಇದನ್ನು ಎರಡು ಸಲ ಓದಿ. ಹೊರೆ ಇದ್ದಾಗ ಮಾತ್ರ ರೆಕ್ಕೆಗೆ ಹಿಡಿತ. ಹೊರೆ ತಪ್ಪಿದ ಯಂತ್ರ ಮೂಗುದಾರ ಕಿತ್ತ ಹೋರಿ. ಯಂತ್ರ ಮಾರಿದವನು ಬ್ರೇಕ್ ಸ್ವಿಚ್ಚಿನ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಪುನರ್ವಸು ಮಳೆಯ ಒಂದು ರಾತ್ರಿ, ಇಡೀ ವರ್ಷ ನಾನು ಕಾಯುತ್ತಿದ್ದ ಗಾಳಿ ಕೊನೆಗೂ ಬಂತು. ಅದೇ ರಾತ್ರಿ ಇಲಿಯೊಂದು ಬ್ಯಾಟರಿಗೆ ಹೋಗುವ ತಂತಿ ಕಡಿದಿತ್ತು. ಹನ್ನೊಂದು ಗಂಟೆಗೆ ಹೊರಗೆ ವಿಮಾನ ಇಳಿದ ಸದ್ದು. ಬೆಳಿಗ್ಗೆ ನೋಡಿದರೆ ಮೂರು ರೆಕ್ಕೆಗಳಲ್ಲಿ ಒಂದು ಕೊಟ್ಟಿಗೆಯ ಶೀಟು ಸೀಳಿ ಹುಲ್ಲಿನಲ್ಲಿ ಚುಚ್ಚಿಕೊಂಡಿತ್ತು, ಒಂದು ಅಡಿಕೆ ಮರದ ಕೊರಳಲ್ಲಿ. ಮೂರನೆಯದು ಇವತ್ತಿಗೂ ಸಿಕ್ಕಿಲ್ಲ. ಹಸುಗಳಿಗೆ ಏನೂ ಆಗಲಿಲ್ಲ. ಲೈನ್‌ಮನ್ ಬಂದವನು ಕಂಬದ ಸುತ್ತ ಒಂದು ಸುತ್ತು ಹಾಕಿ, “ಗಾಳಿ ಗುದ್ದಿ ಮೈ ನೋಯಿಸ್ಕೊಂಡ್ರಿ ಅಂದಂಗಾಯ್ತು ಸ್ವಾಮಿ” ಎಂದ. ಗಾದೆಗೆ ಇಷ್ಟು ಅಕ್ಷರಶಃ ಅರ್ಥ ಬರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕರೆಂಟು ಬೇಕೇ ಬೇಕು, ಮಳೆಗಾಲದಲ್ಲಿ ಸೋಲಾರ್ ಸೊರಗುತ್ತದೆ ಎನ್ನುವವರು ಮೊದಲು ಹಳ್ಳದ ಕಡೆ ಹೋಗಬೇಕು. ಬಕೆಟ್ಟು, ಗಡಿಯಾರ ಹಿಡಿದು ಹೋಗಿ. 20 ಲೀಟರಿನ ಬಕೆಟ್ಟು ಎರಡು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 10 ಲೀಟರ್ ನೀರಿದೆ ಎಂದಾಯಿತು. ಆ ನೀರು ಪೈಪಿನಲ್ಲಿ 20 ಮೀಟರ್ ಕೆಳಗೆ ಇಳಿದರೆ ಅದರಲ್ಲಿ ಸುಮಾರು 2 ಕಿಲೋವ್ಯಾಟ್ ಶಕ್ತಿ ಇದೆ. ಅರ್ಧ ಕೈಗೆ ಬಂದರೂ ಹಗಲೂ ರಾತ್ರಿ ಸೇರಿ ದಿನಕ್ಕೆ 24 ಯೂನಿಟ್. ಗಾಳಿಯಂತೆ ಇದು ಸತಾಯಿಸುವುದಿಲ್ಲ. ಮಲೆನಾಡಿನ ಒಂಟಿಮನೆಗಳಲ್ಲಿ ಇಂಥ ಪುಟ್ಟ ಟರ್ಬೈನುಗಳು ಎಷ್ಟೋ ಮಳೆಗಾಲ ಕಂಡಿವೆ. ಆದರೆ ಹಳ್ಳವನ್ನು ಪೂರ್ತಿ ಕಟ್ಟಬಾರದು. ಕೆಳಗಿನ ಮನೆಯವರನ್ನು ಕೇಳದೆ ಒಂದು ಕಲ್ಲನ್ನೂ ಸರಿಸಬಾರದು. ಮುಂಗಾರಿನ ಮೊದಲ ನೆರೆಗೆ ಹತ್ತುಮೀನು ಗದ್ದೆಯ ಕಡೆ ಏರಿ ಬರುವ ದಾರಿಗೆ ಜಾಲರಿ ಹಾಕಬಾರದು. ಊರಿನ ಜಗಳಗಳಲ್ಲಿ ನೀರಿನ ಜಗಳ ಎರಡು ತಲೆಮಾರು ಬಾಳುತ್ತದೆ.

ಬ್ಯಾಟರಿಯ ಬಗ್ಗೆ ಹೆಚ್ಚಿಲ್ಲ. ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬೇಡಿ, ಮಲಗುವ ಕೋಣೆಯಲ್ಲಿ ಇಡಬೇಡಿ. ಕರೆಂಟು ಹೋದರೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ; ಲೈನ್ ಮೇಲೆ ಬಿದ್ದ ಕೊಂಬೆಯನ್ನು ನೀವೇ ಎಳೆಯಬೇಡಿ.

ಪ್ರಾಣಿಗಳ ವಿಚಾರ

ಗಾಳಿಯಂತ್ರಕ್ಕೂ ಕಾಡುಪ್ರಾಣಿಗೂ ಏನು ಸಂಬಂಧ ಎನ್ನಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಗಾಳಿಯಂತ್ರಗಳಿರುವ ಕಡೆಗಿಂತ ಇಲ್ಲದ ಕಡೆ ಬೇಟೆಹಕ್ಕಿಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು. ಗಿಡುಗ ಕಡಿಮೆಯಾದಲ್ಲಿ ಅಲ್ಲಿನ ಬೀಸಣಿಗೆ ಗಂಟಲಿನ ಓತಿಕ್ಯಾತಗಳು ಹೆಚ್ಚಾಗಿದ್ದವು, ಮತ್ತು ಅವಕ್ಕೆ ಹೆದರಿಕೆ ಕಡಿಮೆಯಾಗಿತ್ತು. ಮನುಷ್ಯ ತೀರ ಹತ್ತಿರ ಹೋದ ಮೇಲೆ ಓಡುತ್ತಿದ್ದವು. ಸಂಖ್ಯೆ ಏರಿ ಮೇವಿಗೆ ಪೈಪೋಟಿಯಾಗಿ ಮೈಯೂ ಬಡಕಲು. ಭಯ ಹೋದದ್ದನ್ನು ಸ್ನೇಹವೆಂದು ಓದುವ ಅಭ್ಯಾಸ ನಮಗಿದೆ. ಓತಿಕ್ಯಾತಕ್ಕೆ ನಮ್ಮ ಮೇಲೆ ಪ್ರೀತಿ ಉಕ್ಕಿರಲಿಲ್ಲ, ಗಿಡುಗ ಇರಲಿಲ್ಲ ಅಷ್ಟೆ.

ಮಂಗಕ್ಕೆ ತಿನ್ನಲು ಕೊಡಬಾರದು. ಒಂದು ಬಾಳೆಹಣ್ಣೂ ಬೇಡ, ಒಂದು ಬಿಸ್ಕತ್ತೂ ಬೇಡ, ‘ಪಾಪ, ಕೈ ಊನ’ ಎಂದೂ ಬೇಡ. ನಾನು ಕೊಟ್ಟದ್ದು ಕೈ ಊನವಾಗಿದ್ದ ಮುದಿ ಮಂಗಕ್ಕೇ. ದಿನಾ ಹತ್ತು ಗಂಟೆಗೆ ಜಗಲಿಯ ಕಟ್ಟೆಗೆ ಬಂದು ಕೂರುತ್ತಿತ್ತು. ಶಾನುಭೋಗ ಎಂದು ಹೆಸರಿಟ್ಟೆ. ಹದಿನೈದು ದಿನಕ್ಕೆ ಶಾನುಭೋಗರ ಸಂಸಾರ ಬಂತು, ತಿಂಗಳಿಗೆ ಗ್ರಾಮಸಭೆ. ಹೆಂಚು ಎತ್ತಿ ಅಡುಗೆಮನೆಗೆ ಇಳಿಯುವುದು, ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯುವುದು ಅವಕ್ಕೆ ಎರಡು ದಿನದ ಕೆಲಸ. ನನ್ನ ಅಕ್ಕಿ ಹೋದದ್ದು ನನ್ನ ಪಾಪಕ್ಕೆ. ಆದರೆ ಮಂಗಕ್ಕೆ ಸರ್ವೆ ನಂಬರ್ ತಿಳಿಯುವುದಿಲ್ಲ. ಆಚೆ ಮನೆಯ ಶಾರದಕ್ಕ ಒಂದು ಸಂಜೆ ಅರ್ಧ ಕಚ್ಚಿದ ಬಾಳೆಗೊನೆ ತಂದು ನನ್ನ ಜಗಲಿಯ ಮೇಲಿಟ್ಟರು. “ನಿಮ್ಮನೆ ನೆಂಟ್ರು ನಮ್ಮನೆಗೂ ಬಂದಿದ್ರು ತಮ್ಮಾ. ಊಟ ಮಾಡ್ಕಂಡು ಹೋದ್ರು.” ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು. ಅವರ ವರ್ಷದ ಬಾಳೆ, ಎಳೆ ಅಡಿಕೆ, ಹಿತ್ತಲಿನ ಸೌತೆ, ಎಲ್ಲ ನನ್ನ ಪ್ರಾಣಿಪ್ರೀತಿಯ ಖರ್ಚಿಗೆ ಜಮಾ. ನಿಮ್ಮ ಸ್ನೇಹದ ಬಿಲ್ಲು ಪಕ್ಕದ ಮನೆಗೆ ಹೋಗುವುದಾದರೆ ಅಂಥ ಸ್ನೇಹ ಮಾಡಬಾರದು.

ಆಮೇಲೆ ಬುದ್ಧಿ ಬಂತೆಂದು ಮಂಗ ಹಿಡಿಸಿ ಇನ್ನೊಂದೂರಿನ ಕಾಡಿಗೆ ಬಿಟ್ಟು ಬರಬಾರದು. ಅನುಮತಿಯಿಲ್ಲದೆ ಹಿಡಿಯುವುದೇ ತಪ್ಪು. ಅದಕ್ಕಿಂತ ಮುಖ್ಯ, ಆ ಇನ್ನೊಂದೂರಿನಲ್ಲೂ ಒಬ್ಬ ಶಾರದಕ್ಕ ಇರುತ್ತಾರೆ. ಮಾಡಬೇಕಾದ್ದು ಬೇಸರದ ಕೆಲಸ: ಹೆಂಚಿನ ಕೆಳಗೆ ಜಾಲರಿ, ಕಿಟಕಿಗೆ ಜಾಲರಿ, ಎಂಜಲು ಹೊರಗೆ ಚೆಲ್ಲದಿರುವುದು, ಜಗಲಿಯಲ್ಲಿ ಹಣ್ಣು ಒಣಹಾಕದಿರುವುದು. ಆರು ತಿಂಗಳು ಬಿಡದೆ ಮಾಡಿದ ಮೇಲೆ ಗುಂಪು ಹಳೆಯ ದಾರಿ ಹಿಡಿಯಿತು. ಶಾನುಭೋಗ ಮಾತ್ರ ಬಹಳ ದಿನ ಹತ್ತು ಗಂಟೆಗೆ ಬಂದು, ಕೂತು, ನನ್ನ ಮುಖ ನೋಡಿ ಹೋಗುತ್ತಿತ್ತು. ಅದನ್ನು ನೋಡಿಕೊಂಡು ಕೈ ಕಟ್ಟಿ ಕೂರಬೇಕು. ಅದೂ ಈ ಪಟ್ಟಿಯಲ್ಲಿದೆ.

ಸತ್ತ ಮಂಗವನ್ನು ಮುಟ್ಟಬಾರದು, ಹೂಳಬಾರದು, ಪೂಜೆ ಮಾಡಿ ಸಂಸ್ಕಾರ ಮಾಡಲೂ ಹೋಗಬಾರದು. ಈ ಒಂದು ಮಾತಿನಲ್ಲಿ ರಿಯಾಯಿತಿ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಕಾಯಿಲೆ ಇವತ್ತಿಗೂ ನಮ್ಮ ಜಿಲ್ಲೆ ಬಿಟ್ಟಿಲ್ಲ. ಹೆಸರು ಮಂಗನ ಕಾಯಿಲೆ, ಹರಡುವುದು ಉಣುಗು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ದರಕಿನಲ್ಲಿ ಕಾಯುತ್ತವೆ. ಹಾಗಾಗಿ ಮಂಗ ಸತ್ತ ಕಡೆಯ ದರಕು ಗುಡಿಸಿ ಕೊಟ್ಟಿಗೆಗೆ ತರಬಾರದು, ದನ ಅತ್ತ ಬಿಡಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಅದೇ ಗಳಿಗೆಯಲ್ಲಿ ತಿಳಿಸಬೇಕು. ಮಳೆ ನಿಂತ ಮೇಲಿನಿಂದ ಮುಂದಿನ ಮಳೆಯವರೆಗೆ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ, ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ. ಬಂದ ಕೂಡಲೇ ಬಿಸಿನೀರು, ಸೋಪು, ಬಟ್ಟೆ ಕುದಿನೀರಿಗೆ. ಮಂಗವೋ ನಾಯಿಯೋ ಕಚ್ಚಿದರೆ, ಪರಚಿದರೆ ಅರಿಶಿನ ಮೆತ್ತಬಾರದು; ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ರೇಬೀಸ್ ಲಸಿಕೆಗೆ ಹೋಗಬೇಕು, ಮುಂದಿನ ತಾರೀಖುಗಳನ್ನು ತಪ್ಪಿಸಬಾರದು.

ಮರಿ ಒಂಟಿಯಾಗಿದೆ ಎಂದು ಎತ್ತಿ ತರಬಾರದು. ಕಾಡುಕುರಿ, ಜಿಂಕೆಗಳು ಮರಿಯನ್ನು ಪೊದೆಯಲ್ಲಿ ಅಡಗಿಸಿಟ್ಟೇ ಮೇಯಲು ಹೋಗುವುದು. ನೀವು ಅನಾಥ ಎಂದುಕೊಂಡದ್ದರ ತಾಯಿ ಐವತ್ತು ಮಾರು ದೂರದಲ್ಲಿ ನಿಂತು ನೀವು ತೊಲಗುವುದನ್ನು ಕಾಯುತ್ತಿರುತ್ತದೆ. ತಂದು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪಂಜರದ ಗಿಣಿಯೂ ಅದೇ ಲೆಕ್ಕ. ಗಾಯಗೊಂಡದ್ದು ಕಂಡರೆ ಅರಣ್ಯ ಇಲಾಖೆಗೆ ಹೇಳಿ, ದೂರ ನಿಲ್ಲಿ, ಹಾಲು ಕುಡಿಸಬೇಡಿ, ಫೋಟೊಗೆ ಮಗುವನ್ನು ಪಕ್ಕದಲ್ಲಿ ನಿಲ್ಲಿಸಬೇಡಿ.

ಹಾವು ಕಂಡರೆ ಹೊಡೆಯಬಾರದು, ಹಿಡಿಯಲೂ ಬಾರದು. ಯೂಟ್ಯೂಬ್ ನೋಡಿ ಕೋಲು ಮಾಡಿಕೊಂಡವರು ಆ ಕೋಲನ್ನು ಒಲೆಗೆ ಹಾಕಿ. ಬಚ್ಚಲ ಹಿಂದಿನ ಕೇರೆ ಇಲಿಗೆ ಬಂದದ್ದು (ಅಂಥದ್ದೊಂದು ನನ್ನ ಬ್ಯಾಟರಿ ಕೋಣೆಯಲ್ಲಿ ಇದ್ದಿದ್ದರೆ ರೆಕ್ಕೆ ಉಳಿಯುತ್ತಿತ್ತು). ಕಾಳಿಂಗ ಅಂಗಳ ದಾಟಿದರೆ ದಾಟಲು ಬಿಡಿ. ಅದರ ಊಟವೇ ಬೇರೆ ಹಾವುಗಳು. ರಾತ್ರಿ ಬರಿಗಾಲಲ್ಲಿ, ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬಾರದು. ನೆಲದ ಮೇಲೆ ಮಲಗಬಾರದು; ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ನಿದ್ದೆಯಲ್ಲಿರುವವರನ್ನು, ನೋವೂ ಅಷ್ಟಾಗಿ ಇರುವುದಿಲ್ಲ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು, ನಾಟಿ ಔಷಧಿಗೆ ಅಲೆಯುವುದು ಯಾವುದೂ ಕೂಡದು. ಉಂಗುರ, ಬಳೆ ತೆಗೆದು, ಕೈಕಾಲು ಅಲುಗಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ, ಆಂಬುಲೆನ್ಸಿಗೆ 108. ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇಟ್ಟಿದ್ದಾರೆ ಎಂದು ಕಚ್ಚುವ ಮೊದಲೇ ಹೋಗಿ ಕೇಳಿ ಬರೆದಿಡಬೇಕು. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಬೇಲಿಗೆ ಮನೆಯ ಕರೆಂಟು ಕೊಡಬಾರದು. ಹಂದಿ ಕಾಟ ಎಷ್ಟೇ ಇರಲಿ. ಆ ತಂತಿಗೆ ಹಂದಿ, ಆನೆ, ಹಾಲಿಗೆ ಹೊರಟ ಹುಡುಗ ಎಲ್ಲ ಒಂದೇ. ಸೋಲಾರ್ ಬೇಲಿಯ ಪೆಟ್ಟು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಬಂದು ಹೋಗುತ್ತದೆ, ಬೆದರಿಸುತ್ತದೆ, ಕೊಲ್ಲುವುದಿಲ್ಲ. ಆದರೆ ಅದರ ಬುಡದ ಕಳೆ ತೆಗೆಯದಿದ್ದರೆ ಪೆಟ್ಟೆಲ್ಲ ನೆಲಕ್ಕೆ ಇಳಿದು ಅದು ಬರಿ ತಂತಿ. ಬ್ರೇಕ್ ತಂತಿಯ ಉರುಳು ಇಡಬಾರದು, ಇಡುವ ಆಳನ್ನು ಇಟ್ಟುಕೊಳ್ಳಲೂ ಬಾರದು. ಹಂದಿಗೆಂದು ಇಟ್ಟ ಉರುಳಿನಲ್ಲಿ ಸೊಂಟ ಸಿಕ್ಕಿಕೊಂಡ ಚಿರತೆಯನ್ನು ನಾನು ಒಮ್ಮೆ ನೋಡಿದ್ದೇನೆ. ಅದರ ವರ್ಣನೆ ಇಲ್ಲಿ ಬೇಡ.

ಹಾಗಾದರೆ ಪ್ರಾಣಿಗಳ ಸ್ನೇಹವೇ ಬೇಡವೇ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಬೇಕು, ಕೈಯಲ್ಲಿ ಏನೂ ಹಿಡಿಯದೆ. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ, ಸೇನಾನಿ ಸೀಳುನಾಯಿಗಳ ಬೆನ್ನು ಹತ್ತಿ ಬಂಡೀಪುರದ ಕಡೆಯ ಕಾಡಿನಲ್ಲಿ ವರ್ಷಗಟ್ಟಲೆ ಅಲೆದದ್ದು ಗೊತ್ತಲ್ಲ. ಅವರು ಬಿಸ್ಕತ್ತು ಎಸೆಯುತ್ತ ಹೋಗಲಿಲ್ಲ. ಒಂದೇ ಜಾಗ, ಒಂದೇ ಹೊತ್ತು, ಅದೇ ಮಾಸಲು ಅಂಗಿ, ಬಾಯಿ ಮುಚ್ಚಿಕೊಂಡು ಕೂರಬೇಕು. ಹಳೆಯ ಹಲಸು, ಆಲ, ಬಸರಿ ಕಡಿಯಬಾರದು. ಮಂಗಟ್ಟೆ ಹಕ್ಕಿ ಮೊಟ್ಟೆಯಿಡುವುದು ಮುದಿ ಮರದ ಪೊಟರೆಯಲ್ಲಿ. ಅಂಗಳಕ್ಕೆ ರಾತ್ರಿಯೆಲ್ಲ ಫ್ಲಡ್ ಲೈಟ್ ಬಿಡಬಾರದು. ನಿಮ್ಮ ನಾಯಿಯನ್ನು ರಾತ್ರಿ ಹೊರಗೆ ಬಿಡಬಾರದು, ಅದು ಚಿರತೆಗೆ ನೀವು ಬರೆದ ಆಮಂತ್ರಣ. ಬೇಸಿಗೆಯಲ್ಲಿ ಬಾನಿಯಲ್ಲಿ ನೀರಿಟ್ಟರೆ ಮನೆಯಿಂದ ದೂರ ಇಡಿ, ವಾರಕ್ಕೆರಡು ಸಲ ತಿಕ್ಕಿ ತೊಳೆಯಿರಿ. ಎರಡು ವರ್ಷ ಹೀಗೆ ಇದ್ದ ಮೇಲೆ ಬೆಳಗಿನ ಆರೂವರೆಗೆ ಕಾಡುಕುರಿ ಒಂದು ನನ್ನನ್ನು ನೋಡಿ, ಕಿವಿ ಅಲ್ಲಾಡಿಸಿ, ಮೇಯುವುದನ್ನು ಮುಂದುವರಿಸಿತು. ಅದಕ್ಕೆ ಹೆಸರಿಟ್ಟಿಲ್ಲ.

ಉಳಿದ ಚಿಲ್ಲರೆ: ಸ್ವರ ಬದಲಿಸಿದ ಸೈಲೆನ್ಸರಿನ ಬೈಕು ತರಬಾರದು. ಜಮೀನಿನ ನಡುವಿನ ಕಾಲುದಾರಿಗೆ ಬೇಲಿ ಹಾಕಬಾರದು, ಅದು ಶಾಲೆಯ ಮಕ್ಕಳದ್ದು. ಇಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪು ಯಾವುದಾದರೂ ಆದೀತು, ಕಿರುಚಾಟ ಬೇಡ.

ನನ್ನ ಮನೆಯ ಹಿಂದಿನ 40 ಅಡಿ ಕಂಬ ಮಾರುತ್ತೀರಾ ಎಂದು ಕೇಳಿಕೊಂಡು ಬರಬೇಡಿ, ಮಾರುವುದಿಲ್ಲ. ಬುಡದಲ್ಲಿ ಕಾಳುಮೆಣಸು ನೆಟ್ಟಿದ್ದೇನೆ. ಮೊದಲ ಬೇಸಿಗೆಗೆ ಕಬ್ಬಿಣ ಕಾದು ಬಳ್ಳಿ ಸುಟ್ಟುಹೋಯಿತು. ಈಗ ತೆಂಗಿನ ನಾರಿನ ಹಗ್ಗ ಸುತ್ತಿದ್ದೇನೆ, ಎಂಟಡಿ ಹತ್ತಿದೆ.